ಶಿಲೀಂಧ್ರ ಕಲಿಸಿದ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಹಳಗನ್ನಡ ವ್ಯಾಕರಣವನ್ನೋ ಚಂಪೂಕಾವ್ಯವನ್ನೋ ಕುರಿತು ನಾಲ್ಕು ಮಾತು ಬರೆಯುವೆನೆಂದು ಅವರು ನಿರೀಕ್ಷಿಸಿರಬೇಕು. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಆದರೆ ಈ ಸಲ ಲೇಖನಿ ಹಿಡಿದು ಕುಳಿತಾಗ ಮನಸ್ಸು ಆ ಕಡೆಗೆ ಹೊರಳಲಿಲ್ಲ. 2021ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು, ಅದರಲ್ಲಿ ನನ್ನಿಂದಾದ ತಪ್ಪನ್ನೂ ಮುಚ್ಚಿಡದೆ, ಬರೆದಿಡಬೇಕೆಂಬ ಒತ್ತಡ ಬಹುದಿನಗಳಿಂದ ಒಳಗೇ ಉಳಿದಿತ್ತು. ಕನ್ನಡ ಪಂಡಿತನಿಗೆ ವೈದ್ಯದ ಮಾತೇಕೆ ಎಂದು ವಾಚಕರು ಕೇಳಬಹುದು. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಏಳು ವಾರಗಳ ಕಾಲ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು ಕೇಳಿ ತಿಳಿದದ್ದನ್ನು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

ಶಿಲೀಂಧ್ರವೆಂಬ ಪದ ನನಗೆ ಹೊಸದಾಗಿರಲಿಲ್ಲ. ವಿದ್ವತ್ ತರಗತಿಯಲ್ಲಿ ಕಾಳಿದಾಸನ ಮೇಘದೂತವನ್ನು ಓದುವಾಗ, ಮೋಡದ ಗುಡುಗನ್ನು ಕೇಳಿ ನೆಲವು ಶಿಲೀಂಧ್ರಗಳನ್ನು ಮೇಲೆತ್ತಿಕೊಂಡು ತಾನು ಬಂಜೆಯಲ್ಲವೆಂದು ಸಾರುವ ಚಿತ್ರವನ್ನು ನಮ್ಮ ಗುರುಗಳು ಅರ್ಧ ದಿವಸ ವಿವರಿಸಿದ್ದರು. ಮೂವತ್ತು ವರ್ಷ ನಾನೂ ಮಕ್ಕಳಿಗೆ ಅದನ್ನೇ ಹೇಳಿಕೊಂಡು ಬಂದೆ. ಮೊದಲ ಮಳೆಗೆ ಏಳುವ ಅಣಬೆ, ಸುಭಿಕ್ಷದ ಸೂಚನೆ ಎಂದು. ಮನೆಯ ಹೆಂಗಸರು ಹಳಸಿದ ರೊಟ್ಟಿಯ ಮೇಲೆ ಕಂಡು ‘ಬೂಷ್ಟು ಬಂತು’ ಎಂದು ಎತ್ತಿ ಹೊರಗೆಸೆಯುವ ವಸ್ತುವೂ ಇದೇ ಕುಲಕ್ಕೆ ಸೇರಿದ್ದೆಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಅದು ಮನುಷ್ಯನ ಮೂಗಿನಿಂದ ಹೊರಟು ಕಣ್ಣನ್ನು ದಾಟಿ ಮಿದುಳನ್ನು ಮುಟ್ಟೀತೆಂಬುದನ್ನು ಯಾವ ಕೋಶವೂ ನನಗೆ ಹೇಳಿರಲಿಲ್ಲ.

ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟಿನಲ್ಲಿ, ಹಂಪಿನಗರವೆಂದೂ ಕರೆಯುವ ಬಡಾವಣೆಯಲ್ಲಿ, ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಕೆಳಗೆ ನಾನು, ಮೇಲೆ ನನ್ನ ತಮ್ಮ. ಅವನು ಈ ಶಾಲೆಯಲ್ಲಿಯೇ ಓದಿ, ಇಲ್ಲಿನ ವಿದ್ಯಾರ್ಥಿನಿಲಯದಲ್ಲಿ ಉಂಡು ಬೆಳೆದವನು. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕಾಯಕ. ಒತ್ತಕ್ಷರದ ಒಂದು ಕೊಂಬು ತಪ್ಪಿದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತಾದರೂ ಪಥ್ಯದಲ್ಲಿ ಅವನು ಅಷ್ಟೇನೂ ಕಟ್ಟುನಿಟ್ಟಿನವನಲ್ಲ.

2021ರ ಏಪ್ರಿಲ್ ಕೊನೆಯ ವಾರದಲ್ಲಿ ಅವನಿಗೆ ಕೋವಿಡ್ ತಗುಲಿತು. ಒಂಬತ್ತು ದಿನ ಆಮ್ಲಜನಕದ ಆಸರೆಯಲ್ಲಿದ್ದ. ಸ್ಟೀರಾಯ್ಡ್ ಔಷಧ ಕೊಟ್ಟರು. ಅದನ್ನು ಕೊಟ್ಟದ್ದು ಸರಿಯೇ ಆಗಿತ್ತು. ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ಡೆಕ್ಸಾಮೆಥಾಸೋನ್ ತಗ್ಗಿಸುತ್ತದೆಂಬುದು ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ದೊಡ್ಡ ಪರೀಕ್ಷೆಯಿಂದ ಸಿದ್ಧವಾಗಿತ್ತು. ಆದರೆ ಪ್ರಾಣ ಉಳಿಸಿದ ಆ ಮದ್ದೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗವನ್ನು ತಡೆಯುವ ಬಿಳಿಯ ರಕ್ತಕಣಗಳ ಕಸುವನ್ನು ಕುಂದಿಸುತ್ತದೆ. ಮೇ 10ರಂದು, ರಾಜ್ಯದಲ್ಲಿ ಲಾಕ್‌ಡೌನ್ ಆರಂಭವಾದ ದಿನವೇ, ಅವನು ಮನೆಗೆ ಬಂದ. ಸಕ್ಕರೆಯನ್ನು ದಿನವೂ ಅಳೆಯಬೇಕೆಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಕೊಂಡೇ ಇತ್ತು. ಅಳೆದವರು ಯಾರೂ ಇಲ್ಲ.

ಮೇ 14 ಬಸವ ಜಯಂತಿ. ಹೋಳಿಗೆ ಬಡಿಸಿದರೆ ಎಡದವಡೆ ನೋಯುತ್ತದೆಂದು ಅವನು ಎಲೆಯಲ್ಲಿಯೇ ಬಿಟ್ಟ. ಎಡಗೆನ್ನೆ ಜೋಮು ಹಿಡಿದಂತಾಗಿದೆ, ಮೂಗು ಕಟ್ಟಿದೆ ಎಂದ. ಮನೆಯ ಹಿರಿಯನೆಂಬ ಹಮ್ಮಿನಲ್ಲಿ ನಾನು, “ಅದು ಬರಿಯ ನೆಗಡಿ, ತುಳಸಿ ಹಾಕಿ ಹಬೆ ತೆಗೆದುಕೋ” ಎಂದೆ. ಮರುದಿನ ಕೆನ್ನೆ ಊದಿತು. ಹಲ್ಲಿನ ಬಾಧೆಯೆಂದೆ. ತಮ್ಮನ ಮಡದಿ “ಭಾವನವರೇ, ಒಮ್ಮೆ ಡಾಕ್ಟರಿಗೆ ತೋರಿಸೋಣ” ಎಂದು ಎರಡು ಸಲ ಹೇಳಿದಳು. ಹೊರಗೆ ಕಾಲಿಟ್ಟರೆ ಮತ್ತೆ ಸೋಂಕು ತಗುಲೀತು, ಲಾಕ್‌ಡೌನ್ ಬೇರೆ, ಎರಡು ದಿನ ನೋಡೋಣವೆಂದು ತಡೆದವನು ನಾನು. ಅವಳು ಮತ್ತೆ ಎದುರಾಡಲಿಲ್ಲ. ಹದಿನೇಳರ ಬೆಳಿಗ್ಗೆ ಅವನ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಕರವಸ್ತ್ರದಲ್ಲಿ ಮೂಗಿನಿಂದ ಉದುರಿದ ಕಪ್ಪು ಹಕ್ಕಳೆ. ಕಿವಿ ಮೂಗು ಗಂಟಲಿನ ತಜ್ಞನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆಗ ಫೋನು ಮಾಡಿದೆ. ನಾನು ವರ್ಣನೆ ಮುಗಿಸುವುದಕ್ಕೆ ಮುಂಚೆಯೇ ಅವನು, “ಗುರುಗಳೇ, ಮಾತು ಸಾಕು. ಈಗಲೇ ಆಟೋ ಹಿಡಿದು ಹೊರಡಿ. ಒಂದು ಗಂಟೆಯನ್ನೂ ಕಳೆಯಬೇಡಿ” ಎಂದ.

ಆಸ್ಪತ್ರೆಯಲ್ಲಿ ಮೂಗಿನೊಳಗೆ ಸಣ್ಣ ದೂರ್ಬೀನು ತೂರಿಸಿ ನೋಡಿದರು. ತೆಗೆದ ಚೂರನ್ನು ಕ್ಷಾರದ ಹನಿಯಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅಗಲವಾದ ಪಟ್ಟಿಯಂಥ ಎಳೆಗಳು, ನೆಟ್ಟಗೆ ಅಡ್ಡಕೊಂಬೆ ಒಡೆದವು, ಕಂಡುಬಂದವು. ಅದು ಮ್ಯೂಕರ್ ವರ್ಗದ ಶಿಲೀಂಧ್ರ. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ‘ಕಪ್ಪು ಶಿಲೀಂಧ್ರ’ ರೋಗ ಅದೇ. ಸರ್ಕಾರವು ಅದೇ ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಇದರ ಚಿಕಿತ್ಸೆಗೆ ಗೊತ್ತುಮಾಡಿತು. ನಮ್ಮ ಬೀದಿಯಲ್ಲಂತೂ ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪುಪುಡಿಯಿಂದ ರೋಗ ಬರುತ್ತದೆಂಬ ಗುಲ್ಲೆದ್ದು, ಒಬ್ಬರು ಮನೆಯ ಈರುಳ್ಳಿಯನ್ನೆಲ್ಲ ಕಸದ ಗಾಡಿಗೆ ಸುರಿದರು. ಈರುಳ್ಳಿಯ ಮೇಲಿನದು ಆಸ್ಪರ್ಜಿಲಸ್ ಎಂಬ ಬೇರೊಂದು ಜಾತಿ. ಮ್ಯೂಕರಿನ ಬೀಜಕಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ನಾವೆಲ್ಲರೂ ಅವನ್ನು ಉಸಿರಾಡುತ್ತಲೇ ಇರುತ್ತೇವೆ. ಆರೋಗ್ಯವಂತನ ಬಿಳಿಯ ರಕ್ತಕಣಗಳು ಅವನ್ನು ಅಲ್ಲಿಯೇ ಕೊಲ್ಲುತ್ತವೆ. ಸಕ್ಕರೆ ಮಿತಿಮೀರಿದವನಲ್ಲಿ ಆ ಕಾವಲು ಸಡಿಲವಾಗುತ್ತದೆ. ಒಬ್ಬರಿಂದೊಬ್ಬರಿಗೆ ಇದು ಹರಡುವುದಿಲ್ಲ.

ಈ ರೋಗದಲ್ಲಿ ಮದ್ದೂ ಬೇಕು, ಕತ್ತಿಯೂ ಬೇಕು ಎಂದು ಶಸ್ತ್ರವೈದ್ಯರು ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಮದ್ದಿದ್ದ ಮೇಲೆ ಕತ್ತಿಯೇಕೆ ಎಂದು ಕೇಳಿದೆ. ಅವರು ಬೇಸರಿಸದೆ ವಿವರಿಸಿದರು: “ಮೇಷ್ಟ್ರೇ, ನಿಮ್ಮ ಬಡಾವಣೆಯಲ್ಲಿ ಮರದ ಬೇರು ಒಳಚರಂಡಿಯ ಪೈಪಿನೊಳಕ್ಕೆ ನುಗ್ಗಿ ಕಟ್ಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ಈ ಎಳೆಗಳು ರಕ್ತನಾಳದ ಗೋಡೆಯನ್ನೇ ಕೊರೆದು ಒಳಹೊಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಕಪ್ಪು ಶಿಲೀಂಧ್ರದ ಬಣ್ಣವಲ್ಲ, ಅದು ಸತ್ತ ಮಾಂಸದ ಬಣ್ಣ. ನಾವು ಕೊಡುವ ಮದ್ದು ರಕ್ತದ ಮೂಲಕವೇ ತಾನೆ ಹೋಗಬೇಕು? ರಕ್ತವೇ ಇಲ್ಲದ ಕಡೆಗೆ ಅದು ಹೇಗೆ ತಲುಪೀತು? ಸತ್ತದ್ದನ್ನು ಕತ್ತಿ ತೆಗೆಯಬೇಕು. ಬದುಕಿರುವುದರಲ್ಲಿ ಅಡಗಿ ಕಣ್ಣಿಗೆ ಕಾಣದ್ದನ್ನು ಮದ್ದು ಕೊಲ್ಲಬೇಕು. ಸಕ್ಕರೆಯನ್ನು ಹತೋಟಿಗೆ ತರದಿದ್ದರೆ ಎರಡೂ ವ್ಯರ್ಥ.” ಈ ಮಾತು ನನ್ನ ಮನಸ್ಸಿನಲ್ಲಿ ನೆಟ್ಟುಹೋಯಿತು. ಮೂರು ದಿನದಲ್ಲಿ ಬೇರು ಎಷ್ಟು ದೂರ ಹರಿದಿರಬಹುದೆಂಬ ಲೆಕ್ಕವೂ ಅದರೊಡನೆಯೇ ಹೊಕ್ಕಿತು.

ಮೇ 19ರಂದು ಮೂಗಿನ ಮೂಲಕವೇ ದೂರ್ಬೀನಿನ ನೆರವಿನಿಂದ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಗಲ್ಲದೊಳಗಿನ ಹಾಗೂ ಮೂಗಿನ ಬುಡದ ಗಾಳಿಗೂಡುಗಳಲ್ಲಿದ್ದ ಸತ್ತ ಭಾಗವನ್ನೆಲ್ಲ ಕೆರೆದು ತೆಗೆದರು. ರಕ್ತ ಚಿಮ್ಮುವ ಆರೋಗ್ಯದ ಮಾಂಸ ಕಾಣುವವರೆಗೆ ತೆಗೆಯುವುದೇ ಕ್ರಮವಂತೆ.

ಮದ್ದಿನ ಹೆಸರು ಆಂಫೊಟೆರಿಸಿನ್-ಬಿ. ಅದರ ಹುಟ್ಟು ಕುತೂಹಲಕರ. ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದ ಒರಿನೊಕೊ ನದಿಯ ಸೀಮೆಯಿಂದ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಇದನ್ನು ಬೇರ್ಪಡಿಸಿದರು. ಮಣ್ಣಿನಲ್ಲಿ ಹುಟ್ಟಿದ ರೋಗಕ್ಕೆ ಮಣ್ಣಿನಿಂದಲೇ ಮದ್ದು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಜಿಡ್ಡಿನ ಪದಾರ್ಥವಿದೆ. ನಮ್ಮ ಜೀವಕೋಶಗಳಲ್ಲಿ ಅದರ ಬದಲು ಕೊಲೆಸ್ಟರಾಲ್ ಇದೆ. ಈ ಔಷಧವು ಎರ್ಗೋಸ್ಟೆರಾಲನ್ನು ಹಿಡಿದುಕೊಂಡು ಪೊರೆಯನ್ನು ಕೆಡಿಸುತ್ತದೆ, ಒಳಗಿನ ಸತ್ತ್ವ ಸೋರಿ ಶಿಲೀಂಧ್ರ ಸಾಯುತ್ತದೆ. ಆದರೆ ಎರಡು ಪದಾರ್ಥಗಳೂ ದಾಯಾದಿಗಳಾದುದರಿಂದ ಮದ್ದು ಕೆಲವೊಮ್ಮೆ ನಮ್ಮ ಮೇಲೂ ಕೈಮಾಡುತ್ತದೆ. ಹೆಚ್ಚಿನ ಪೆಟ್ಟು ಮೂತ್ರಪಿಂಡಗಳಿಗೆ. ರಕ್ತದ ಪೊಟ್ಯಾಸಿಯಂ ಇಳಿದುಹೋಗುತ್ತದೆ. ಇದೇ ಮದ್ದನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ಹುದುಗಿಸಿ ಕೊಡುವ ಲೈಪೊಸೋಮಲ್ ರೂಪದಲ್ಲಿ ಈ ಬಾಧೆ ಕಡಿಮೆ. ಅದನ್ನು ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 5 ಮಿಲಿಗ್ರಾಂನಂತೆ ಕೊಡುತ್ತಾರೆ. ಮಿದುಳನ್ನು ಮುಟ್ಟಿದ್ದರೆ 10ರವರೆಗೂ ಏರಿಸುವುದುಂಟು. ಒಂದು ಸೀಸೆಯಲ್ಲಿರುವುದು 50 ಮಿಲಿಗ್ರಾಂ. 60 ಕಿಲೋ ತೂಗುವ ನನ್ನ ತಮ್ಮನಿಗೆ ದಿನವೊಂದಕ್ಕೆ ಆರು ಸೀಸೆ, ಮುಂದೆ ಹನ್ನೆರಡು. ಇದು ವಾರಗಟ್ಟಲೆ.

ಆ ಮೇ ತಿಂಗಳಲ್ಲಿ ಈ ಸೀಸೆ ದೇಶದಲ್ಲೆಲ್ಲ ದುರ್ಲಭವಾಗಿತ್ತು. ಕೇಂದ್ರವು ರಾಜ್ಯಗಳಿಗೆ ಹಂಚುತ್ತಿತ್ತು, ರಾಜ್ಯವು ಆಸ್ಪತ್ರೆಗಳಿಗೆ ಹಂಚುತ್ತಿತ್ತು. ಜೂನ್ 12ರಂದು ಜಿಎಸ್‌ಟಿ ಮಂಡಳಿ ಇದರ ಮೇಲಿನ ತೆರಿಗೆಯನ್ನೇ ತೆಗೆದುಹಾಕಿತು. ಮೊದಲ ಐದು ದಿನ ನಮಗೆ ಹಳೆಯ ರೂಪದ ಮದ್ದೇ ಗತಿಯಾಯಿತು. ಗ್ಲೂಕೋಸಿನ ನೀರಿನಲ್ಲಿ ಬೆರೆಸಿ ಗಂಟೆಗಟ್ಟಲೆ ಮೆಲ್ಲಗೆ ಏರಿಸುತ್ತಿದ್ದರು. ಪ್ರತಿ ಸಲವೂ ಮಂಚ ಅಲ್ಲಾಡುವಂತೆ ಚಳಿ, ಹಿಂದೆಯೇ ಜ್ವರ. ಮೂರು ಕಂಬಳಿ ಹೊದಿಸಿ ಕಾಲು ಹಿಡಿದು ಕೂರುತ್ತಿದ್ದೆವು. ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಕೈಬಿಡದೆ ನಡೆಸಿದ್ದನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನನಾದೇನು. ಒಬ್ಬರು ರಕ್ತ ಕೊಟ್ಟರು, ಇಬ್ಬರು ಹಣ ಕೂಡಿಸಿದರು, ಮತ್ತೊಬ್ಬರು ಮನೆಯವರಿಗೆಲ್ಲ ದಿನವೂ ಬುತ್ತಿ ತಂದರು. ತಮ್ಮ ಹೆಸರನ್ನು ಅಚ್ಚು ಹಾಕಬಾರದೆಂದು ಅವರೆಲ್ಲ ಆಣೆ ಇಟ್ಟಿದ್ದಾರೆ.

ಮೇ 24ರ ರಾತ್ರಿ ವೈದ್ಯರು ನನ್ನನ್ನು ಕರೆದು, ಎಡಗಣ್ಣನ್ನು ತೆಗೆಯಬೇಕಾಗುವುದೆಂದರು. ಎಲ್ಲರಿಗೂ ಹೀಗೆ ಮಾಡುವುದಿಲ್ಲ. ರೋಗ ಕಣ್ಣಿನ ಗೂಡಿಗೆ ಆಗಷ್ಟೇ ಕಾಲಿಟ್ಟಿದ್ದರೆ ಕಣ್ಣಿನ ಹಿಂಬದಿಗೆ ಮದ್ದನ್ನು ಚುಚ್ಚಿ ಉಳಿಸಲು ನೋಡುತ್ತಾರೆ. ಇವನಲ್ಲಿ ಕಣ್ಣಿಗೆ ರಕ್ತ ಕೊಡುವ ನಾಳವೇ ಮುಚ್ಚಿಹೋಗಿತ್ತು. ದೃಷ್ಟಿ ಹೋಗಿ, ಆ ಗೂಡು ಮಿದುಳಿಗೆ ತೆರೆದ ಬಾಗಿಲಾಗಿ ಉಳಿದಿತ್ತು. ಒಪ್ಪಿಗೆಯ ಕಾಗದ ನನ್ನ ಕೈಯಲ್ಲಿ. ಕರಡು ತಿದ್ದುವವನ ಕಣ್ಣು. ಜೀವಮಾನವೆಲ್ಲ ಅಕ್ಷರವನ್ನೇ ನಂಬಿದ ನನಗೆ ನನ್ನ ಹೆಸರಿನ ನಾಲ್ಕಕ್ಷರ ಬರೆಯಲು ಕೈ ಏಳಲಿಲ್ಲ. ಕಾಗದ ಹಿಡಿದು ಅವನ ಮಂಚದ ಬಳಿಗೆ ಹೋಗಿ ಏನೂ ಹೇಳಲಾರದೆ ನಿಂತೆ. ಅವನೇ ಮಾತಾಡಿದ: “ಅಣ್ಣ, ನಿನ್ನೆಯಿಂದಲೇ ಆ ಕಣ್ಣಿಗೆ ಏನೂ ಕಾಣುತ್ತಿಲ್ಲ. ನೀನು ನೊಂದುಕೊಳ್ಳುವೆಯೆಂದು ಸುಮ್ಮನಿದ್ದೆ. ಸಹಿ ಮಾಡು.” ಮಾಡಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಜೂನ್ ಮಧ್ಯದಲ್ಲಿ ತಲೆನೋವು, ಮಂಪರು ಕಾಣಿಸಿಕೊಂಡವು. ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಅವನ ಮಾತು. ಚಮಚವನ್ನು ಕೈಯಲ್ಲಿ ಹಿಡಿದು ಅದರ ಹೆಸರಿಗಾಗಿ ತಡಕಾಡುತ್ತಿದ್ದ. ‘ಅದು... ಅನ್ನಕ್ಕೆ... ಅದು’ ಎನ್ನುತ್ತಿದ್ದ. ಎಂ.ಆರ್.ಐ. ತೆಗೆದಾಗ ಮಿದುಳಿನ ಎಡ ಮುಂಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಕೀವಿನ ಗೂಡು ಕಂಡಿತು. ಮೂಗಿಗೂ ಮಿದುಳಿಗೂ ನಡುವೆ ಜರಡಿಯಂತೆ ತೂತುಗಳಿರುವ ತೆಳುವಾದ ಮೂಳೆಯೊಂದಿದೆ. ಅದರ ಮೂಲಕವಾಗಲಿ ಕಣ್ಣಿನ ಗೂಡಿನ ತುದಿಯಿಂದಾಗಲಿ ಈ ರೋಗ ಮೇಲೇರುತ್ತದೆ. ನರಶಸ್ತ್ರವೈದ್ಯರು ಹಣೆಯ ಮೇಲ್ಭಾಗದ ಮೂಳೆಯನ್ನು ಬಿಲ್ಲೆಯಂತೆ ಎತ್ತಿ, ಕೀವನ್ನೂ ಸತ್ತ ಭಾಗವನ್ನೂ ತೆಗೆದು, ನೆತ್ತಿಯ ಒಳಪದರವನ್ನೇ ಮಡಿಸಿ ಮೂಗಿನ ಕಡೆಯ ದಾರಿಯನ್ನು ಮುಚ್ಚಿ, ಮೂಳೆಯನ್ನು ಮತ್ತೆ ಕೂಡಿಸಿದರು. ಐದು ಗಂಟೆಗೂ ಮೀರಿ ಹಿಡಿಯಿತು. ಮಾತಿನ ನೆಲೆ ಅಲ್ಲಿಗೆ ಸಮೀಪವಾದುದರಿಂದ ಒಂದೊಂದು ಎಳೆಯನ್ನೂ ಅಳೆದು ತೆಗೆದೆವೆಂದು ಆಮೇಲೆ ಹೇಳಿದರು.

ಮಿದುಳಿನ ಶಿಲೀಂಧ್ರರೋಗಗಳೆಲ್ಲಕ್ಕೂ ಇದೇ ಚಿಕಿತ್ಸೆಯೆಂದು ವಾಚಕರು ಭಾವಿಸಬಾರದು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬುದೊಂದಿದೆ. ಎಚ್.ಐ.ವಿ. ಮೊದಲಾದವುಗಳಿಂದ ದೇಹಬಲ ಕುಗ್ಗಿದವರಲ್ಲಿ ಅದು ಮಿದುಳಿನ ಪೊರೆಗೆ ತಗುಲುತ್ತದೆ. ಬೆನ್ನಿನಿಂದ ತೆಗೆದ ನೀರಿಗೆ ಕರಿಯ ಮಸಿಯ ಹನಿ ಬೆರೆಸಿ ನೋಡಿದರೆ ಕತ್ತಲಲ್ಲಿ ಹಣತೆಯ ಪ್ರಭೆಯಂತೆ ಅದು ಕಾಣುತ್ತದೆ. ಅಲ್ಲಿ ಸಾಮಾನ್ಯವಾಗಿ ಕತ್ತಿಗೆ ಕೆಲಸವಿಲ್ಲ. ಆಂಫೊಟೆರಿಸಿನ್ನನ್ನು ಫ್ಲೂಸೈಟೊಸಿನ್‌ನೊಡನೆ ಕೊಟ್ಟು, ಅನಂತರ ತಿಂಗಳುಗಟ್ಟಲೆ ಫ್ಲುಕೊನಜೋಲ್ ನುಂಗಿಸುತ್ತಾರೆ. ತಲೆಯೊಳಗಿನ ಒತ್ತಡವನ್ನು ತಗ್ಗಿಸಲು ಬೆನ್ನಿನ ನೀರನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಆಸ್ಪರ್ಜಿಲಸ್ ಮಿದುಳಿಗೇರಿದರೆ ವೊರಿಕೊನಜೋಲ್ ಮುಖ್ಯ ಮದ್ದು, ಆದರೆ ಮ್ಯೂಕರಿಗೆ ಅದು ನಾಟುವುದೇ ಇಲ್ಲ. ಆದುದರಿಂದಲೇ ಯಾವ ಜಾತಿಯೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಣಯಿಸುವುದು ಅಷ್ಟು ಮುಖ್ಯ. ಸಂದೇಹ ಬಲವಾಗಿದ್ದಾಗ ಆ ನಿರ್ಣಯಕ್ಕೂ ಕಾಯದೆ ಮದ್ದು ಆರಂಭಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿತು, ಈ ಮೂರೂ ಅದರಲ್ಲಿವೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಂಥ ನರರೋಗ ಸಂಸ್ಥೆ ನಮ್ಮ ಊರಿನಲ್ಲಿಯೇ ಇರುವುದು ನಾಡಿನ ಭಾಗ್ಯ. ಆದರೆ ಸಂಸ್ಥೆ ಎಷ್ಟು ದೊಡ್ಡದಾದರೂ, ತಡವಾಗಿ ಬಂದ ರೋಗಿಗೆ ಕಳೆದ ದಿನಗಳನ್ನು ಹಿಂದಿರುಗಿಸಲಾರದು.

ಜುಲೈ ಮೊದಲ ವಾರ ತಮ್ಮ ಮನೆಗೆ ಬಂದ. ಅಲ್ಲಿಂದ ಮುಂದೆ ಪೊಸಕೊನಜೋಲ್ ಮಾತ್ರೆ, ದಿನಕ್ಕೆ 300 ಮಿಲಿಗ್ರಾಂ, ಹಲವು ತಿಂಗಳು. ನಡುನಡುವೆ ಎಂ.ಆರ್.ಐ. ಸಂಜೆಯ ಹೊತ್ತು ಅವನನ್ನು ಕೂರಿಸಿಕೊಂಡು ನಾನು ಒಂದನೆಯ ತರಗತಿಯ ಮೇಷ್ಟರಾದೆ. ಒಂದೊಂದು ವಸ್ತುವನ್ನು ತೋರಿಸಿ ಹೆಸರು ಕೇಳುವುದು, ಅವನು ತಡಕಾಡಿ ಹೇಳುವುದು. ದೀಪಾವಳಿಯ ಹೊತ್ತಿಗೆ ಮಾತು ಬಹುಮಟ್ಟಿಗೆ ಮರಳಿತು. 2022ರಲ್ಲಿ ಕೃತಕ ಕಣ್ಣನ್ನು ಕೂಡಿಸಿದರು. ಅದೇ ರೋಗದಿಂದ ಅದೇ ವಾರ್ಡಿನಲ್ಲಿದ್ದ ಹಲವರು ಮನೆಗೆ ಮರಳಲಿಲ್ಲವೆಂಬುದನ್ನು ನೆನೆದಾಗ ನಮ್ಮ ಪಾಲಿಗೆ ಉಳಿದದ್ದು ದೊಡ್ಡದೇ.

ಅಧ್ಯಾಪಕ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ನಮ್ಮಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಮನೆ ಅಪರೂಪ. ಅಂಥವರಿಗೆ, ಅದರಲ್ಲಿಯೂ ಸ್ಟೀರಾಯ್ಡ್ ಸೇವಿಸಿದವರಿಗೆ, ಮುಖದ ಒಂದೇ ಪಾರ್ಶ್ವ ಜೋಮು ಹಿಡಿದರೆ, ಊದಿದರೆ, ಒಂದೇ ಹೊಳ್ಳೆ ಕಟ್ಟಿ ಕಪ್ಪು ಅಥವಾ ರಕ್ತಮಿಶ್ರಿತ ಸಿಂಬಳ ಬಂದರೆ, ಹಲ್ಲು ಸಡಿಲವಾದರೆ, ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಹಬೆ ಕಷಾಯಗಳಲ್ಲಿ ಕಾಲ ಕಳೆಯಬೇಡಿ. ಆ ದಿನವೇ ವೈದ್ಯರಲ್ಲಿಗೆ ಹೋಗಿ. ದಾನಿಗಳಲ್ಲಿಯೂ ಒಂದು ಮಾತು. ಪೋಷಕರ ಸಭೆಯ ದಿನ ಬಂದವರ ರಕ್ತದ ಸಕ್ಕರೆಯನ್ನು ಅಳೆಯುವ ಏರ್ಪಾಡಿಗೆ ದೊಡ್ಡ ಮೊತ್ತ ಬೇಕಾಗಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಉಳಿದ ಆ ಚೀಟಿಯನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ. ಮನೆಯ ಹಿರಿಯರಿಗೂ ಒಂದು ಮಾತುಂಟು: ಹೆಂಗಸರು ಎರಡು ಸಲ ಹೇಳಿದ ಮಾತನ್ನು ಮೂರನೆಯ ಸಲ ಹೇಳಿಸಿಕೊಳ್ಳಬೇಡಿ.

ಕಡೆಯದಾಗಿ ಒಂದು ಸಂಗತಿ. ಈ ಸಂಚಿಕೆಯ ಕರಡನ್ನು ತಿದ್ದುವ ಹೊಣೆಯನ್ನು ಸಂಪಾದಕ ಮಂಡಳಿಯವರು ನನ್ನ ತಮ್ಮನಿಗೇ ವಹಿಸಿದ್ದಾರೆ. ಈಗ ಅವನು ಬಲಗಣ್ಣೊಂದರಿಂದಲೇ, ಸಾಲಿನ ಕೆಳಗೆ ಅಡಿಕೋಲಿಟ್ಟುಕೊಂಡು, ಮೊದಲಿಗಿಂತ ನಿಧಾನವಾಗಿ ತಿದ್ದುತ್ತಾನೆ. ಈ ಲೇಖನದ ಮೊದಲ ಪ್ರತಿಯಲ್ಲಿ ‘ಎರಡು ದಿನದಲ್ಲಿ ಬೇರು ಎಷ್ಟು ದೂರ ಹರಿದಿರಬಹುದು’ ಎಂದು ನಾನು ಬರೆದಿದ್ದೆ. ಅವನು ‘ಎರಡು’ ಎಂಬುದನ್ನು ಹೊಡೆದುಹಾಕಿ, ಪಕ್ಕದ ಅಂಚಿನಲ್ಲಿ ಕೆಂಪು ಮಸಿಯಿಂದ ‘ಮೂರು’ ಎಂದು ಬರೆದು ಕೊಟ್ಟ. ಬೇರೇನನ್ನೂ ಅನ್ನಲಿಲ್ಲ. ಅವನು ತಿದ್ದಿದಂತೆಯೇ ಇಲ್ಲಿ ಅಚ್ಚಾಗಿದೆ.